ಮರದ ಹಲಗೆ, ನೂರೈವತ್ತು ರೂಪಾಯಿ ಮೋಟರ್, 64 ಜ್ಯೋತಿರ್ವರ್ಷ ದೂರದ ಗ್ರಹ

ಮೊದಲೇ ಹೇಳಿಬಿಡುತ್ತೇನೆ. ಇದು ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ತೂಗಿದ ಲೆಕ್ಕ, ಅದರಲ್ಲಿ ಅರ್ಧ ಅಳತೆ ಮಾತ್ರ ನನ್ನದು. ಗ್ರಹ ಎಷ್ಟು ದೊಡ್ಡದು, ಎಷ್ಟು ದಿನಕ್ಕೊಂದು ಸುತ್ತು ಬರುತ್ತದೆ ಅನ್ನುವುದನ್ನು ಹಿರಿಯೂರಿನ ಹತ್ತಿರ ಅಜ್ಜಿಯ ಊರಿನಲ್ಲಿ, ಮಾಳಿಗೆ ಮೇಲೆ ಕೂತು ಅಳೆದೆ. ಅದರ ತೂಕ ಗೊತ್ತಾಗಬೇಕಾದರೆ ಇನ್ನೊಂದು ಅಳತೆ ಬೇಕು, ಅದು ಮನೆಯಲ್ಲಿ ಆಗುವಂಥದ್ದಲ್ಲ. ಅದನ್ನು 2005ರಲ್ಲಿ ಫ್ರಾನ್ಸಿನ ಓತ್ ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಮಾಡಿ ಪ್ರಕಟಿಸಿದ್ದಾರೆ, ಯಾರು ಬೇಕಾದರೂ ತೆಗೆದು ನೋಡಬಹುದು. ನನ್ನ ಅರ್ಧ, ಅವರ ಅರ್ಧ ಸೇರಿಸಿದ ಮೇಲೆ ತೂಕ ಬಂತು. ಆ ಕೆಲಸಕ್ಕೆ ಹಿಡಿದ ಎಂಟು ತಿಂಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಜಾಸ್ತಿ ಜಾಗ ಕ್ಯಾಮೆರಾ ತಿರುಗಿಸುವ ಮೋಟರಿಗೇ ಹೋಗುತ್ತದೆ, ಯಾಕೆಂದರೆ ಜಾಸ್ತಿ ಸಮಯ ಹೋಗಿದ್ದೂ ಅಲ್ಲೇ.

ನಕ್ಷತ್ರದ ಹೆಸರು ಎಚ್‌ಡಿ 189733. ಶ್ರವಣ ನಕ್ಷತ್ರಕ್ಕೂ ಹಂಸ ಪುಂಜಕ್ಕೂ ನಡುವೆ ಇದೆ. ಡಂಬೆಲ್ ನೀಹಾರಿಕೆ ಗೊತ್ತಿದ್ದವರಿಗೆ ಹುಡುಕುವುದು ಬಹಳ ಸುಲಭ, ಅದರಿಂದ ಪೂರ್ವಕ್ಕೆ ಅರ್ಧ ಡಿಗ್ರಿಯೂ ಇಲ್ಲ. ಹೊಳಪಿನ ಅಳತೆ 7.67 (ಸಂಖ್ಯೆ ಜಾಸ್ತಿಯಾದಷ್ಟೂ ಹೊಳಪು ಕಡಿಮೆ), ಅಂದರೆ ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾಗೆ ಧಾರಾಳವಾಗಿ ಸಿಗುತ್ತದೆ. ಅದರ ಗ್ರಹ ಎರಡು ದಿನ ಐದೂಕಾಲು ಗಂಟೆಗೊಮ್ಮೆ ನಮಗೂ ನಕ್ಷತ್ರಕ್ಕೂ ನಡುವೆ ಅಡ್ಡ ಬರುತ್ತದೆ. ಆಗ ಬೆಳಕು ಸುಮಾರು 2.4% ಕಡಿಮೆಯಾಗುತ್ತದೆ, ಹೆಚ್ಚುಕಡಿಮೆ 1 ಗಂಟೆ 50 ನಿಮಿಷ ಹಾಗೇ ಇರುತ್ತದೆ, ಆಮೇಲೆ ಮೊದಲಿನಂತೆ ಆಗುತ್ತದೆ. ಇಷ್ಟು ಹೊಳೆಯುವ ನಕ್ಷತ್ರಕ್ಕೆ ಇಷ್ಟು ಆಳದ ಕುಸಿತ ಇರುವುದು ಅಪರೂಪ. ಇದನ್ನೇ ಆರಿಸಿಕೊಂಡಿದ್ದು ಅದಕ್ಕೆ.

ಧೈರ್ಯ ಬಂದಿದ್ದು ಒಂದು ಹಳೆಯ ವಿಷಯ ಓದಿ. 1999ರಲ್ಲಿ ಡೇವಿಡ್ ಶಾರ್ಬೊನೊ ಮತ್ತು ಟಿಮೊತಿ ಬ್ರೌನ್ ಅಮೆರಿಕದ ಬೌಲ್ಡರ್‌ನಲ್ಲಿ ಎಚ್‌ಡಿ 209458 ಅನ್ನುವ ನಕ್ಷತ್ರದ ಮುಂದೆ ಗ್ರಹ ಹಾದುಹೋಗುವುದನ್ನು ಹಿಡಿದರು. ಅವರ ದೂರದರ್ಶಕದ ಗಾಜು ಸುಮಾರು 10 ಸೆಂ.ಮೀ. ಅಗಲ, ಅಷ್ಟೇ. ನನ್ನ ಹತ್ತಿರ ಇದ್ದದ್ದು ಸೆಕೆಂಡ್ ಹ್ಯಾಂಡ್ ಕ್ಯಾನನ್ ಕ್ಯಾಮೆರಾ, 18 ಮೆಗಾಪಿಕ್ಸೆಲ್, ಜೊತೆಗೆ ಹಳೇ ಕಾಲದ 200 ಎಂಎಂ ಎಫ್4 ಲೆನ್ಸ್. ಗಾಜು 5 ಸೆಂ.ಮೀ. ಅವರದರ ಅರ್ಧ. ಆದರೆ ನನ್ನ ನಕ್ಷತ್ರದ ಕುಸಿತ ಅವರದಕ್ಕಿಂತ ಜಾಸ್ತಿ, ಮೇಲಾಗಿ ಎಷ್ಟು ಹೊತ್ತಿಗೆ ಆಗುತ್ತದೆ ಅನ್ನುವುದು ನನಗೆ ಮುಂಚೆಯೇ ಗೊತ್ತು. ಚೆಕ್ ದೇಶದ ಖಗೋಳ ಸಂಘದವರು ನಡೆಸುವ ಎಕ್ಸೋಪ್ಲಾನೆಟ್ ಟ್ರಾನ್ಸಿಟ್ ಡೇಟಾಬೇಸ್‌ನಲ್ಲಿ ನಮ್ಮ ಊರಿನ ಅಕ್ಷಾಂಶ ರೇಖಾಂಶ ಹಾಕಿದರೆ ಯಾವ ರಾತ್ರಿ ಎಷ್ಟು ಗಂಟೆಗೆ ಅಂತ ಪಟ್ಟಿಯೇ ಬರುತ್ತದೆ.

ಇದನ್ನು ಅಜ್ಜಿಗೆ ಹೇಳಿದಾಗ ಒಂದೇ ಮಾತಿಗೆ ಅರ್ಥ ಮಾಡಿಕೊಂಡರು. "ಅಂದ್ರೆ ಗ್ರಹಣ ಅನ್ನು. ಸ್ಪರ್ಶ ಎಷ್ಟೊತ್ತಿಗಪ್ಪಾ?" ಅಂದರು. ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ಕಿನಲ್ಲಿ ಪಂಚಾಂಗದ ಮೂರು ಪದಗಳೇ ಇವೆ: ಸ್ಪರ್ಶ, ಮಧ್ಯ, ಮೋಕ್ಷ. ಇವಕ್ಕಿಂತ ಸರಿಯಾದ ಪದ ನನಗೆ ಸಿಕ್ಕಿಲ್ಲ, ಇಲ್ಲೂ ಅವನ್ನೇ ಬಳಸುತ್ತೇನೆ.

ಮೊದಲ ಹಲಗೆ

ಸ್ಪರ್ಶಕ್ಕೆ ಮುಂಚೆ ಮುಕ್ಕಾಲು ಗಂಟೆ, ಮೋಕ್ಷದ ನಂತರ ಮುಕ್ಕಾಲು ಗಂಟೆ ಸೇರಿಸಿದರೆ ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ ನಕ್ಷತ್ರವನ್ನು ಹಿಂಬಾಲಿಸಬೇಕು. ಅದಕ್ಕೆ ಎರಡು ಹಲಗೆ, ಒಂದು ಬಾಗಿಲ ಹಿಂಜಸ್ಸು, ಒಂದು ಥ್ರೆಡ್ ರಾಡ್ ಸಾಕು. ಹಿಂಜಿನ ಅಚ್ಚು ಧ್ರುವದ ಕಡೆಗೆ ಇರಬೇಕು. ಕೆಳಗಿನ ಹಲಗೆ ಅಲುಗಾಡುವುದಿಲ್ಲ, ಕ್ಯಾಮೆರಾ ಕೂರಿಸಿದ ಮೇಲಿನದನ್ನು ರಾಡ್ ನಿಧಾನವಾಗಿ ತೆರೆಯುತ್ತಾ ಹೋಗುತ್ತದೆ, ಪುಸ್ತಕ ತೆರೆದ ಹಾಗೆ. ಎಂ6 ರಾಡ್ (6 ಮಿ.ಮೀ. ದಪ್ಪದ್ದು) ಒಂದು ಸುತ್ತಿಗೆ ಒಂದು ಮಿಲಿಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗಿಸಿ, ಹಲಗೆ ಭೂಮಿಯ ವೇಗಕ್ಕೇ ತೆರೆಯಬೇಕಾದರೆ ಹಿಂಜಿನಿಂದ ರಾಡಿಗೆ 228.6 ಮಿ.ಮೀ. ಇರಬೇಕು. ನಮ್ಮ ಆಚಾರ್ರಿಗೆ ಈ ಸಂಖ್ಯೆ ಹೇಳಿದಾಗ ಟೇಪು ಹಿಡಿದು ನೋಡಿ, "ಒಂಬತ್ತಿಂಚು ಅಂತ ಹೇಳಿ ಸರ್, ಇದೇನು ಮಿಲಿಮೀಟ್ರು" ಅಂದರು. ನಿಜವೇ! ಕರಾರುವಾಕ್ಕಾಗಿ ಒಂಬತ್ತು ಇಂಚು. ಕಾಲು ಗಂಟೆಯಲ್ಲಿ ಕೊರೆದುಕೊಟ್ಟರು.

ಈ ಮೊದಲ ಹಲಗೆಯಲ್ಲಿ ರಾಡ್ ನೆಟ್ಟಗಿತ್ತು. ನೆಟ್ಟಗಿರುವ ರಾಡಿನಲ್ಲಿ ಒಂದು ತೊಂದರೆ ಇದೆ. ಹಲಗೆ ತೆರೆದಂತೆಲ್ಲಾ ರಾಡಿಗೂ ಹಲಗೆಗೂ ಕೋನ ಬದಲಾಗಿ ವೇಗ ತಪ್ಪುತ್ತದೆ. ಅದಕ್ಕೆ ಅರ್ಧ ಗಂಟೆಗೊಮ್ಮೆ ಹಿಂದಕ್ಕೆ ತಿರುಗಿಸಿ, ನಕ್ಷತ್ರವನ್ನು ಮತ್ತೆ ಮಧ್ಯಕ್ಕೆ ತಂದು ಮುಂದುವರೆಸುತ್ತಿದ್ದೆ. ಚೆಂದದ ಫೋಟೋ ತೆಗೆಯುವವರಿಗೆ ಇದರಿಂದ ಏನೂ ನಷ್ಟವಿಲ್ಲ. ಬೆಳಕು ಅಳೆಯುವವರಿಗೆ ಇದು ಪೂರ್ತಿ ಹಾಳು. ಏಪ್ರಿಲ್‌ನ ಒಂದು ಬೆಳಗಿನ ಜಾವ ಎರಡೂವರೆ ಗಂಟೆ ಚಿತ್ರ ತೆಗೆದು, ಬೆಳಕಿನ ಗ್ರಾಫ್ ಹಾಕಿ ನೋಡಿದರೆ ಅರ್ಧ ಗಂಟೆಗೊಂದು ಮೆಟ್ಟಿಲು. ಒಂದು ಕಡೆ 1.5% ಕೆಳಗೆ ಬಿದ್ದಿತ್ತು, ಮುಂದಿನ ಅರ್ಧ ಗಂಟೆಗೆ ಮತ್ತೆ ಮೇಲೆ. ಆ ಹೊತ್ತಿನಲ್ಲಿ ಗ್ರಹಣವೇ ಇರಲಿಲ್ಲ, ಸುಮ್ನೆ ಪರೀಕ್ಷೆಗೆ ತೆಗೆದ ರಾತ್ರಿ ಅದು. ಲೆನ್ಸಿನ ಅಂಚಿನ ಕಡೆ ಬೆಳಕು ಕಡಿಮೆ, ಸೆನ್ಸರಿನ ಮೇಲೆ ದೂಳಿನ ಕಲೆ ಬೇರೆ. ನಕ್ಷತ್ರ ಹಳೆಯ ಜಾಗ ಬಿಟ್ಟು ಇನ್ನೂರು ಪಿಕ್ಸೆಲ್ ಆಚೆ ಕೂತರೆ ಅಷ್ಟು ವ್ಯತ್ಯಾಸ ತಾನಾಗಿಯೇ ಬರುತ್ತದೆ. ನಾನು ಹುಡುಕುತ್ತಿರುವುದೇ 2.4%. ಇಂಥ ಮೆಟ್ಟಿಲು ಗ್ರಹದ ವೇಷದಲ್ಲೇ ಬರುತ್ತದೆ.

ಈ ಕೆಲಸದ ಗುಟ್ಟು ಆವತ್ತು ಗೊತ್ತಾಯಿತು. ದೊಡ್ಡ ಲೆನ್ಸ್ ಬೇಕಾಗಿಲ್ಲ, ಕಗ್ಗತ್ತಲೂ ಬೇಕಾಗಿಲ್ಲ. ಮೂರು ಗಂಟೆಯೂ ನಕ್ಷತ್ರ ಅದೇ ಪಿಕ್ಸೆಲ್‌ಗಳ ಮೇಲೆ ಅಲ್ಲಾಡದೆ ಕೂತಿರಬೇಕು. ಮುಂದಿನದೆಲ್ಲಾ ಇದೊಂದಕ್ಕಾಗಿ ಮಾಡಿದ್ದು.

ಬಾಗಿದ ರಾಡ್

ಪರಿಹಾರ ಹಳೆಯದೇ. ರಾಡನ್ನೇ ಒಂಬತ್ತು ಇಂಚು ತ್ರಿಜ್ಯದ ಬಿಲ್ಲಿನ ಹಾಗೆ ಬಗ್ಗಿಸಬೇಕು. ಆಗ ಕೋನ ಬದಲಾಗುವ ಪ್ರಶ್ನೆಯೇ ಇಲ್ಲ, ಎಷ್ಟು ತೆರೆದರೂ ವೇಗ ಒಂದೇ. ಬಾಗಿದ ರಾಡನ್ನು ತಿರುಗಿಸಲು ಆಗುವುದಿಲ್ಲ ಅಲ್ವಾ, ಹಾಗಾಗಿ ರಾಡ್ ಮೇಲಿನ ಹಲಗೆಗೆ ಬಿಗಿಯಾಗಿ ನಿಲ್ಲುತ್ತದೆ, ನಟ್ ತಿರುಗುತ್ತದೆ. 60 ಹಲ್ಲಿನ ಒಂದು ಗೇರಿನ ನಡುವೆ ಎಂ6 ನಟ್ ಕೂರಿಸಿ ಅಂಟು ಹಾಕಿದೆ. ಮೋಟರಿನ ತುದಿಗೆ 20 ಹಲ್ಲಿನ ಗೇರ್. ಮೋಟರ್ ಮೂರು ಸುತ್ತು ತಿರುಗಿದರೆ ನಟ್ ಒಂದು ಸುತ್ತು.

ರಾಡ್ ಬಗ್ಗಿಸುವುದೇ ಒಂದು ಪಾಡು. ಮನೆಯಲ್ಲಿ ಕೈಯಲ್ಲಿ ಬಗ್ಗಿಸಿದರೆ ಒಂದು ಕಡೆ ಮೂಲೆ ಬರುತ್ತದೆ, ಇನ್ನೊಂದು ಕಡೆ ನೆಟ್ಟಗೇ ಉಳಿಯುತ್ತದೆ. ಕೊನೆಗೆ ಕಿಟಕಿ ಗ್ರಿಲ್ ಮಾಡುವ ವರ್ಕ್‌ಶಾಪಿಗೆ ತೆಗೆದುಕೊಂಡು ಹೋದೆ. ಹದಿನೆಂಟು ಇಂಚು ಅಗಲದ ಪ್ಲೈವುಡ್ ಬಿಲ್ಲೆಯನ್ನೂ ಒಯ್ದಿದ್ದೆ. ಅಲ್ಲಿನ ಹಿರಿಯರು ಅದನ್ನು ನೋಡಿ ಪಕ್ಕಕ್ಕಿಟ್ಟರು. "ಇದರ ಸುತ್ತ ಬಗ್ಗಿಸಿದ್ರೆ ಬಿಟ್ಟ ತಕ್ಷಣ ಬಿಚ್ಚಿಕೊಳ್ಳುತ್ತೆ, ಕಬ್ಬಿಣಕ್ಕೆ ನೆನಪು ಜಾಸ್ತಿ" ಅಂದು, ಇನ್ನೂ ಚಿಕ್ಕ ಡೈ ಮೇಲೆ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಬಂದರು. ಪ್ರತಿ ಸಲ ನನ್ನ ಬಿಲ್ಲೆಯ ಅಂಚಿಗೆ ಹಿಡಿದು ನೋಡುವುದು, ಮತ್ತೆ ಒತ್ತುವುದು. ಥ್ರೆಡ್ ಜಜ್ಜಿಹೋಗದಂತೆ ರಾಡಿಗೆ ತಾಮ್ರದ ತಂತಿ ಸುತ್ತಿದ್ದರು. ಮುಕ್ಕಾಲು ಗಂಟೆ ಹಿಡಿಯಿತು. ಬಿಲ್ಲೆಗೂ ರಾಡಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರದಷ್ಟು ಕೂತಿತು. 25 ಸೆಂ.ಮೀ. ಉದ್ದ, ಅಂದರೆ ಸುಮಾರು 62 ಡಿಗ್ರಿ, ನಾಲ್ಕು ಗಂಟೆಗೆ ಸಾಕು. ದುಡ್ಡು ಎಷ್ಟು ಅಂದರೆ ಟೀ ಕುಡಿಸಿ ಅಂದರು.

ಮೋಟರಿನೊಳಗಿನ ಹಲ್ಲುಗಳು

ಮೋಟರ್ 28ಬಿವೈಜೆ-48, ಐದು ವೋಲ್ಟಿನದು, ಹೆಜ್ಜೆ ಹೆಜ್ಜೆಯಾಗಿ ತಿರುಗುವ ಸ್ಟೆಪರ್ ಮೋಟರ್. ಡ್ರೈವರ್ ಬೋರ್ಡ್ ಸೇರಿ ನೂರೈವತ್ತು ರೂಪಾಯಿ. ಅದಕ್ಕೆ ಹೆಜ್ಜೆ ಹೇಳಿಕೊಡುವ ಪುಟ್ಟ ಕಂಪ್ಯೂಟರ್ ಬೋರ್ಡ್, ಆರ್ಡುಯಿನೋ, ಮೊದಲೇ ಇತ್ತು. ಎಲ್ಲಾ ಕಡೆ ಬರೆದಿರುವುದು ಒಂದೇ: ಒಂದು ಸುತ್ತಿಗೆ 4096 ಅರ್ಧ ಹೆಜ್ಜೆ. ನಿಮಿಷಕ್ಕೆ ಮೂರು ಸುತ್ತು ಬೇಕು, ಅಂದರೆ ಸೆಕೆಂಡಿಗೆ 204.8 ಹೆಜ್ಜೆ, ಎರಡು ಹೆಜ್ಜೆಗಳ ನಡುವೆ 4883 ಮೈಕ್ರೋಸೆಕೆಂಡ್. ಹಾಕಿದೆ, ಓಡಿತು, ನಕ್ಷತ್ರಗಳು ಚುಕ್ಕೆಯಾಗಿಯೇ ಬಂದವು. ಖುಷಿಯಾಯಿತು.

ಮೊದಲ ಚಿತ್ರ, ಕೊನೆಯ ಚಿತ್ರ ಪಕ್ಕಪಕ್ಕ ಇಟ್ಟ ಮೇಲೆ ಖುಷಿ ಇಳಿಯಿತು. ನಕ್ಷತ್ರ ಗಂಟೆಗೆ 60 ಪಿಕ್ಸೆಲ್‌ನಂತೆ ಜರುಗಿತ್ತು. ನನ್ನ ಲೆನ್ಸಿಗೆ ಒಂದು ಪಿಕ್ಸೆಲ್ ಅಂದರೆ 4.4 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ). ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇನ್ನೂರು ಪಿಕ್ಸೆಲ್, ಅಂದರೆ ಮೆಟ್ಟಿಲು ಹೋಗಿ ಇಳಿಜಾರು ಬಂದಂತಾಯಿತು.

ಮೊದಲು ಹಿಂಜು ಧ್ರುವದ ಕಡೆ ಸರಿಯಾಗಿ ನೋಡುತ್ತಿಲ್ಲ ಅಂದುಕೊಂಡೆ. ಅದಕ್ಕೆ ಕಾರಣವೂ ಇತ್ತು. ನಮ್ಮ ಊರು 14 ಡಿಗ್ರಿ ಅಕ್ಷಾಂಶದಲ್ಲಿದೆ, ಧ್ರುವ ನಕ್ಷತ್ರ ದಿಗಂತದಿಂದ ಬರೀ 14 ಡಿಗ್ರಿ ಮೇಲೆ, ಮಂಜು, ದೂಳು, ತೆಂಗಿನ ಗರಿ ಎಲ್ಲದರ ಹಿಂದೆ. ಎರಡು ವಾರ ಅದನ್ನೇ ತಿದ್ದುತ್ತಾ ಕೂತೆ. ಜರುಗುವುದು ಒಂದು ಪಿಕ್ಸೆಲ್ಲೂ ಕಡಿಮೆಯಾಗಲಿಲ್ಲ. ಆಮೇಲೆ ದಿಕ್ಕು ನೋಡಿದೆ. ಮೊದಲೇ ನೋಡಬೇಕಿತ್ತು. ಹಿಂಜು ಧ್ರುವದಿಂದ ಪಕ್ಕಕ್ಕೆ ತಿರುಗಿದ್ದರೆ ನಕ್ಷತ್ರ ಮುಖ್ಯವಾಗಿ ಉತ್ತರಕ್ಕೋ ದಕ್ಷಿಣಕ್ಕೋ ಜರುಗುತ್ತದೆ. ನನ್ನದು ಪೂರ್ವ ಪಶ್ಚಿಮದ ಗೆರೆಯಲ್ಲೇ, ಒಂದೇ ಸಮನೆ ಜರುಗುತ್ತಿತ್ತು. ಅಂದರೆ ತಪ್ಪು ದಿಕ್ಕಿನದಲ್ಲ, ವೇಗದ್ದು. ಲೆಕ್ಕ ಹಾಕಿದರೆ ಹಲಗೆ ಅರ್ಧ ಪರ್ಸೆಂಟ್ ಜೋರಾಗಿ ಓಡುತ್ತಿದೆ.

ಮೋಟರಿನ ಕಡ್ಡಿಗೆ ಒಂದು ಕಾಗದದ ಬಾಣ ಅಂಟಿಸಿ, ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ, ಆರ್ಡುಯಿನೋಗೆ ಸರಿಯಾಗಿ ನೂರು ಸುತ್ತು ತಿರುಗು ಅಂದೆ. 4,09,600 ಹೆಜ್ಜೆ, ಅರ್ಧ ಗಂಟೆಗೂ ಜಾಸ್ತಿ ಹೊತ್ತು. ನಿಂತಾಗ ಬಾಣ ಗೆರೆಯ ಮೇಲೆ ಇರಬೇಕಿತ್ತು. ಗೆರೆಗೆ ಬೆನ್ನು ಹಾಕಿ ನಿಂತಿತ್ತು. ಅರ್ಧ ಸುತ್ತು ಜಾಸ್ತಿ ತಿರುಗಿದೆ.

ಆ ರಾತ್ರಿಯೇ ಇನ್ನೊಂದು ಹಳೇ ಮೋಟರಿನ ಮುಚ್ಚಳ ಬಿಚ್ಚಿದೆ. ಒಳಗೆ ನಾಲ್ಕು ಜೋಡಿ ಬಿಳಿ ಗೇರ್, ಗ್ರೀಸು ಮೆತ್ತಿಕೊಂಡಿತ್ತು. ಹಳೇ ಟೂತ್‌ಬ್ರಷ್‌ನಿಂದ ತೊಳೆದು, ಪ್ರತಿ ಗೇರಿಗೂ ಒಂದು ಹಲ್ಲಿಗೆ ಸ್ಕೆಚ್ ಪೆನ್ ಗುರುತು ಹಾಕಿ ಎಣಿಸಿದೆ. 32ಕ್ಕೆ 9. 22ಕ್ಕೆ 11. 26ಕ್ಕೆ 9. 31ಕ್ಕೆ 10. ಇವನ್ನೆಲ್ಲಾ ಗುಣಿಸಿದರೆ 4096ರ ಲೆಕ್ಕಕ್ಕೆ (64 × 64) ಬೇಕಾದ 64 ಬರುವುದಿಲ್ಲ, 63.684 ಬರುತ್ತದೆ. ಅಂದರೆ ಒಂದು ಸುತ್ತಿಗೆ 4096 ಅಲ್ಲ, 4075.8 ಹೆಜ್ಜೆ. ನೂರು ಸುತ್ತು ಅಂತ ಹೇಳಿದರೆ ಅದು 100.496 ಸುತ್ತು ತಿರುಗುತ್ತದೆ. ಬಾಣ ಬೆನ್ನು ಹಾಕಿ ನಿಂತಿದ್ದು ಅದಕ್ಕೇ.

ತಿದ್ದುವುದಕ್ಕೆ ಹಿಡಿದದ್ದು ಹತ್ತು ಸೆಕೆಂಡ್. 4883 ಇದ್ದ ಕಡೆ 4907. ಸೆಕೆಂಡಿಗೆ ಒಂದೇ ಒಂದು ಹೆಜ್ಜೆಯ ವ್ಯತ್ಯಾಸ ಅದು. ಈಗ ಮೂರು ಗಂಟೆಗೆ ನಕ್ಷತ್ರ ಹದಿನೈದು ಪಿಕ್ಸೆಲ್ ಒಳಗೇ ಇರುತ್ತದೆ, ಅದರಲ್ಲೂ ಅರ್ಧ ಪಾಲು ಧ್ರುವದ ಜೋಡಣೆಯದ್ದು. ಈ ಮೋಟರಿನಿಂದ ಟ್ರ್ಯಾಕರ್ ಮಾಡುವವರಿಗೆ ಒಂದೇ ಮಾತು: ನೂರು ಸುತ್ತು ಓಡಿಸಿ ನೋಡದೆ ಯಾವ ಸಂಖ್ಯೆಯನ್ನೂ ನಂಬಬೇಡಿ. ಎಲ್ಲಾ ಮೋಟರಿನೊಳಗೂ ಇದೇ ಹಲ್ಲುಗಳಿರುತ್ತವೆ ಅಂತ ನಾನು ಭರವಸೆ ಕೊಡಲಾರೆ.

ಹಸ್ತ ಮಳೆಯ ರಾತ್ರಿ

ಈ ನಕ್ಷತ್ರ ರಾತ್ರಿಯಿಡೀ ಕಾಣುವ ಕಾಲ ಜುಲೈ, ಆಗಸ್ಟ್. ಆಗ ನಮ್ಮಲ್ಲಿ ಆಕಾಶ ಕಾಣುವುದೇ ಕಷ್ಟ. ಅದಕ್ಕೆ ಅಕ್ಟೋಬರ್‌ವರೆಗೆ ಕಾದೆ, ಆಗ ಸಂಜೆ ಏಳಕ್ಕೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತದೆ. ಮೊದಲ ವಾರದ ಒಂದು ರಾತ್ರಿ ಪಟ್ಟಿಯಲ್ಲಿ ಸಿಕ್ಕಿತು. ಹಸ್ತ ಮಳೆ ನಡೆಯುತ್ತಿತ್ತು, ಮಧ್ಯಾಹ್ನ ಎರಡು ಹನಿ ಬಿದ್ದು ಸಂಜೆಗೆ ಬಿಚ್ಚಿಕೊಂಡಿತು. ಮಳೆ ತೊಳೆದ ಆಕಾಶ, ದೂಳೇ ಇಲ್ಲ.

ಕತ್ತಲಾಗುವ ಮುಂಚೆ ಲೆನ್ಸಿನ ಬಾಯಿಗೆ ಬಿಳಿ ಪಂಚೆ ಎರಡು ಮಡಿಕೆ ಕಟ್ಟಿ ಮೂವತ್ತು ಚಿತ್ರ ತೆಗೆದೆ. ಲೆನ್ಸಿನ ಅಂಚಿನ ಮಬ್ಬು, ದೂಳಿನ ಕಲೆ ಎಲ್ಲಾ ಇದರಲ್ಲಿ ದಾಖಲಾಗುತ್ತದೆ, ಆಮೇಲೆ ಪ್ರತಿ ಚಿತ್ರವನ್ನೂ ಇದರಿಂದ ಭಾಗಿಸಬೇಕು. ಫೋಕಸನ್ನು ಬೇಕಂತಲೇ ಕೆಡಿಸಿದೆ. ನಕ್ಷತ್ರ ಹನ್ನೆರಡು ಪಿಕ್ಸೆಲ್ ಅಗಲದ ಬಿಲ್ಲೆಯಾಗಿ ಹರಡಬೇಕು, ಇಲ್ಲದಿದ್ದರೆ ನಡುವಿನ ಪಿಕ್ಸೆಲ್ ತುಂಬಿ ತುಳುಕುತ್ತದೆ, ತುಳುಕಿದ ಬೆಳಕು ಲೆಕ್ಕಕ್ಕೆ ಸಿಗುವುದಿಲ್ಲ. ಐಎಸ್‌ಒ 200, 30 ಸೆಕೆಂಡ್, 35 ಸೆಕೆಂಡಿಗೊಂದು ಚಿತ್ರ. ಮೊಬೈಲಿನ ಗಡಿಯಾರದ ಫೋಟೋವನ್ನು ಅದೇ ಕ್ಯಾಮೆರಾದಲ್ಲಿ ಶುರುವಿಗೊಂದು, ಕೊನೆಗೊಂದು ತೆಗೆದೆ. ಇದು ಸಣ್ಣ ಕೆಲಸ, ಆದರೆ ಮರೆಯಬೇಡಿ. ನನ್ನ ಕ್ಯಾಮೆರಾದ ಗಡಿಯಾರ 1 ನಿಮಿಷ 40 ಸೆಕೆಂಡ್ ಮುಂದಿತ್ತು, ಆ ಎರಡು ಫೋಟೋ ಇಲ್ಲದಿದ್ದರೆ ಮಧ್ಯ ಕಾಲವೇ ತಪ್ಪಾಗುತ್ತಿತ್ತು.

ಸುಮಾರು 340 ಚಿತ್ರ. ಎಂಟು ಗಂಟೆಗೆ ಅಜ್ಜಿ ಮೇಲೆ ಬಂದು ಕೇಳಿದರು, ಸ್ಪರ್ಶ ಆಯ್ತಾ ಅಂತ. ಕಣ್ಣಿಗೆ ಏನೂ ಕಾಣುವುದಿಲ್ಲ, ಲೆಕ್ಕ ಹಾಕಿದ ಮೇಲೇ ಗೊತ್ತಾಗುವುದು ಅಂದೆ. ಆದರೂ ಸ್ವಲ್ಪ ಹೊತ್ತು ಜೊತೆಗೆ ಕೂತರು.

ಲೆಕ್ಕ ಮಾರನೇ ದಿನ. ಸಿರಿಲ್‌ನಲ್ಲಿ ಹಸಿರು ಬಣ್ಣದ ಪಿಕ್ಸೆಲ್‌ಗಳನ್ನು ಮಾತ್ರ ಬೇರ್ಪಡಿಸಿ, ಆಸ್ಟ್ರೋಇಮೇಜ್‌ಜೆಗೆ ಕೊಟ್ಟೆ, ಎರಡೂ ಉಚಿತ ಸಾಫ್ಟ್‌ವೇರ್. ನಮ್ಮ ನಕ್ಷತ್ರದ ಸುತ್ತ ಒಂದು ವೃತ್ತ, ಅಷ್ಟೇ ಹೊಳಪಿನ ಅಕ್ಕಪಕ್ಕದ ಐದು ನಕ್ಷತ್ರಗಳಿಗೂ ಒಂದೊಂದು ವೃತ್ತ. ತೆಳು ಮೋಡ ಹಾದರೆ ಆರೂ ಒಟ್ಟಿಗೆ ಮಂಕಾಗುತ್ತವೆ, ಗ್ರಹ ಅಡ್ಡ ಬಂದರೆ ಒಂದೇ ಮಂಕಾಗುತ್ತದೆ. ಡಂಬೆಲ್ ನೀಹಾರಿಕೆ ಪಕ್ಕದಲ್ಲೇ ಇರುವುದರಿಂದ ಹಿನ್ನೆಲೆ ಅಳೆಯುವ ಉಂಗುರ ಅದರ ಮೇಲೆ ಬೀಳದಂತೆ ನೋಡಿಕೊಳ್ಳಬೇಕು.

ಒಂದೊಂದೇ ಚುಕ್ಕೆ ನೋಡಿದರೆ ಒಂದು ಪರ್ಸೆಂಟ್ ಮೇಲೆ ಕೆಳಗೆ ಚೆಲ್ಲಾಡಿತ್ತು, ಏನೂ ಕಾಣಲಿಲ್ಲ. ಹತ್ತು ಹತ್ತು ಚಿತ್ರಗಳ ಸರಾಸರಿ ತೆಗೆದು ಹಾಕಿದೆ. ನೆಟ್ಟಗೆ ಒಂದು ಗೆರೆ, ಆಮೇಲೆ ಇಳಿತ, ತಳ, ಮತ್ತೆ ಏರು, ಮತ್ತೆ ನೆಟ್ಟಗೆ. ಗ್ರಹ. ಎಷ್ಟೋ ಹೊತ್ತು ಆ ಗ್ರಾಫನ್ನೇ ನೋಡುತ್ತಾ ಕೂತಿದ್ದೆ, ಮಾತು ಬರಲಿಲ್ಲ. ಆಳ 2.5%, ಅದರಲ್ಲಿ 0.3 ಆಚೀಚೆ ಇರಬಹುದು. ಮಧ್ಯ ಕಾಲ ರಾತ್ರಿ 8:52.

ಆಳದಿಂದ ಗಾತ್ರ ಸುಲಭ. ಗ್ರಹದ ಬಿಲ್ಲೆ ನಕ್ಷತ್ರದ ಬಿಲ್ಲೆಯ 2.5% ಭಾಗವನ್ನು ಮುಚ್ಚಿದೆ, 0.025ರ ವರ್ಗಮೂಲ 0.158. ಅಂದರೆ ಗ್ರಹದ ಅಗಲ ನಕ್ಷತ್ರದ ಅಗಲದ 0.158 ಪಟ್ಟು. ಮೌಂಟ್ ವಿಲ್ಸನ್ನಿನ ಚಾರಾ ದೂರದರ್ಶಕಗಳು ಈ ನಕ್ಷತ್ರದ ಅಗಲವನ್ನು ನೇರವಾಗಿಯೇ ಅಳೆದಿವೆ, ಸೂರ್ಯನ 0.78 ಪಟ್ಟು ಅಂತ ಇಟ್ಟುಕೊಂಡೆ. ಗ್ರಹದ ತ್ರಿಜ್ಯ ಸುಮಾರು 86,000 ಕಿ.ಮೀ. ಬಂತು, ಗುರು ಗ್ರಹದ 1.2 ಪಟ್ಟು. ದೊಡ್ಡ ದೂರದರ್ಶಕಗಳ ಉತ್ತರ 1.14ರ ಆಸುಪಾಸು.

ಒಂಬತ್ತೋ, ಎಂಟೋ, ಹತ್ತೋ

ಒಂದು ಗ್ರಹಣದಿಂದ ಸುತ್ತಿನ ಕಾಲ ಗೊತ್ತಾಗುವುದಿಲ್ಲ. 20 ದಿನ ಬಿಟ್ಟು, ಸ್ವಾತಿ ಮಳೆ ಹುಟ್ಟಿದ ಮೇಲೆ, ಇನ್ನೊಂದು ಪೂರ್ತಿ ಗ್ರಹಣ ಸಿಕ್ಕಿತು. ಮಧ್ಯ ಕಾಲ 8:09. ಅಂದರೆ 20 ದಿನಕ್ಕೆ 43 ನಿಮಿಷ ಕಡಿಮೆ. ಇದನ್ನು ಒಂಬತ್ತರಿಂದ ಭಾಗಿಸಿದರೆ 2.2189 ದಿನ. ಆದರೆ ಒಂಬತ್ತೇ ಯಾಕೆ? ಅಷ್ಟು ದಿನದಲ್ಲಿ ಎಂಟು ಸುತ್ತೋ ಹತ್ತು ಸುತ್ತೋ ಹಾಕಿರಬಾರದೇಕೆ? ಪುಸ್ತಕ ನೋಡಿ ಒಂಬತ್ತು ಅಂದುಬಿಟ್ಟರೆ ಅದು ನನ್ನ ಅಳತೆಯಾಗುವುದಿಲ್ಲ ಅಲ್ವಾ.

ಇದಕ್ಕೆ ನಡುವಿನ ಒಂದು ರಾತ್ರಿ ಬೇಕಿತ್ತು. ಒಂಬತ್ತು ಸುತ್ತು ಆಗಿದ್ದರೆ ಮೊದಲ ರಾತ್ರಿಯಿಂದ ಹನ್ನೊಂದನೇ ದಿನ, ಹತ್ತೂಕಾಲರ ಹೊತ್ತಿಗೆ ಸ್ಪರ್ಶ ಇರಲೇಬೇಕು. ಎಂಟೋ ಹತ್ತೋ ಆಗಿದ್ದರೆ ಆ ರಾತ್ರಿ ಏನೂ ಇರುವುದಿಲ್ಲ. ಅದೃಷ್ಟಕ್ಕೆ ಆ ರಾತ್ರಿಯೂ ಕ್ಯಾಮೆರಾ ಹಚ್ಚಿದ್ದೆ. ಚಿತ್ತೆ ಮಳೆಯ ಮೋಡ ಹನ್ನೊಂದಕ್ಕೆ ಮುಂಚೆಯೇ ಮುಚ್ಚಿತು, ಪೂರ್ತಿ ಸಿಗಲಿಲ್ಲ. ಆದರೆ ಒಂಬತ್ತೂವರೆಯಿಂದ ಹತ್ತು ಗಂಟೆ ಹತ್ತು ನಿಮಿಷದವರೆಗೆ ನೆಟ್ಟಗಿದ್ದ ಗೆರೆ ಆಮೇಲೆ ಕೆಳಗೆ ಇಳಿದದ್ದು ಸ್ಪಷ್ಟವಾಗಿ ಬಂತು. ಸ್ಪರ್ಶ ಒಂದೇ ಸಾಕಾಯಿತು. ಹಸ್ತ, ಚಿತ್ತೆ, ಸ್ವಾತಿ, ಮೂರು ಮಳೆಯಲ್ಲಿ ಮೂರು ರಾತ್ರಿ. 2.2189 ದಿನ. ಒಪ್ಪಿತವಾದ ಬೆಲೆ 2.21858. ನನ್ನ ತಪ್ಪು ಒಂದು ಸುತ್ತಿಗೆ ಅರ್ಧ ನಿಮಿಷಕ್ಕಿಂತ ಕಡಿಮೆ.

ತೂಕ

ನೆರಳಿನಿಂದ ತೂಕ ಗೊತ್ತಾಗುವುದಿಲ್ಲ. ಹತ್ತಿಯ ಮೂಟೆಗೂ ಅಷ್ಟೇ ದಪ್ಪದ ಕಬ್ಬಿಣದ ಗುಂಡಿಗೂ ನೆರಳು ಒಂದೇ. ತೂಕ ತಿಳಿಯಬೇಕಾದರೆ ಗ್ರಹ ತನ್ನ ನಕ್ಷತ್ರವನ್ನು ಎಷ್ಟು ಅಲ್ಲಾಡಿಸುತ್ತಿದೆ ಅಂತ ನೋಡಬೇಕು. ಗ್ರಹ ಸುತ್ತುವಾಗ ನಕ್ಷತ್ರವೂ ಒಂದು ಪುಟ್ಟ ಸುತ್ತು ಹಾಕುತ್ತದೆ, ಒಮ್ಮೆ ನಮ್ಮ ಕಡೆ, ಒಮ್ಮೆ ಆಚೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯ ಕಪ್ಪು ಗೆರೆಗಳು ಅಷ್ಟಷ್ಟೇ ಜರುಗುತ್ತವೆ. ನಮ್ಮ ನಕ್ಷತ್ರ ಸೆಕೆಂಡಿಗೆ ಸುಮಾರು 205 ಮೀಟರ್ ವೇಗದಲ್ಲಿ ಅಲ್ಲಾಡುತ್ತದೆ, ಪ್ರಯಾಣಿಕರ ವಿಮಾನದ ವೇಗ ಅದು. ಗೆರೆ ಜರುಗುವುದು ಮಾತ್ರ 550 ನ್ಯಾನೋಮೀಟರ್ ಅಲೆಯುದ್ದದ ಗೆರೆಗೆ 0.0004 ನ್ಯಾನೋಮೀಟರ್. ನನ್ನ ಹಲಗೆಗೂ ಲೆನ್ಸಿಗೂ ಇದು ನಿಲುಕುವುದಿಲ್ಲ.

ಇದನ್ನು ಅಳೆದಿದ್ದು ಓತ್ ಪ್ರೊವಾನ್ಸಿನ 1.93 ಮೀಟರ್ ದೂರದರ್ಶಕಕ್ಕೆ ಜೋಡಿಸಿದ್ದ ಎಲೋಡಿ ಅನ್ನುವ ರೋಹಿತಮಾಪಕ, ಅಂದರೆ ಬೆಳಕನ್ನು ಹಾಗೆ ಬಣ್ಣಗಳಾಗಿ ಬಿಡಿಸುವ ಉಪಕರಣ. 1995ರಲ್ಲಿ ಮಿಷೆಲ್ ಮಾಯೊರ್ ಮತ್ತು ದಿದಿಯೆ ಕೆಲೋಜ್ 51 ಪೆಗಾಸಿ ಅನ್ನುವ ನಕ್ಷತ್ರದ ಗ್ರಹ ಕಂಡುಹಿಡಿದದ್ದೂ ಇದರಲ್ಲೇ, 2019ರ ನೊಬೆಲ್ ಅದಕ್ಕೇ ಬಂತು. ಆದರೆ 51 ಪೆಗಾಸಿಯ ಗ್ರಹ ಅಡ್ಡ ಬರುವುದು ಕಾಣುವುದಿಲ್ಲ, ಕಕ್ಷೆ ಎಷ್ಟು ಓರೆ ಅಂತ ನೇರವಾಗಿ ತಿಳಿಯುವುದಿಲ್ಲ, ಹಾಗಾಗಿ ಅಲ್ಲಾಟದಿಂದ ಬರುವ ಉತ್ತರ "ಕನಿಷ್ಠ ಇಷ್ಟು ತೂಕ" ಅಂತ ಮಾತ್ರ. ನಮ್ಮದು ಅಡ್ಡ ಬರುತ್ತದೆ. ಅಂದರೆ ಅದರ ಕಕ್ಷೆಯನ್ನು ನಾವು ಅಂಚಿನಿಂದ ನೋಡುತ್ತಿದ್ದೇವೆ, ಸಿಗುವುದು ನಿಜವಾದ ತೂಕವೇ. ಮಾಳಿಗೆ ಮೇಲಿನ ನನ್ನ ಗ್ರಾಫಿಗೆ ಬೆಲೆ ಬರುವುದು ಇಲ್ಲಿ.

ಎಲೋಡಿಯ ವೇಗಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿದೆ. ದಿನಾಂಕಗಳನ್ನು ಸುತ್ತಿನ ಕಾಲದಿಂದ ಭಾಗಿಸಿ, ಪೂರ್ಣ ಸಂಖ್ಯೆ ಬಿಟ್ಟು ಉಳಿದ ಭಾಗವನ್ನು ಮಾತ್ರ ಇಟ್ಟುಕೊಂಡರೆ ಎಲ್ಲಾ ಸುತ್ತುಗಳೂ ಒಂದರ ಮೇಲೊಂದು ಮಡಿಚಿಕೊಳ್ಳುತ್ತವೆ. ಮೊದಲ ಸಲ ಅವಸರದಲ್ಲಿ 2.2 ಅಂತ ಹಾಕಿ ಮಡಿಚಿದೆ, ಚುಕ್ಕೆಗಳು ರಂಗೋಲಿ ಪುಡಿ ಚೆಲ್ಲಿದಂತೆ ಹರಡಿದವು. ಒಂದು ಸುತ್ತಿಗೆ 27 ನಿಮಿಷದ ತಪ್ಪು, ಹತ್ತು ಸುತ್ತಿಗೆ ನಾಲ್ಕೂವರೆ ಗಂಟೆ. ನನ್ನದೇ ಆದ 2.2189 ಹಾಕಿದ ಕೂಡಲೇ ಚುಕ್ಕೆಗಳು ಒಂದು ಅಲೆಯಾಗಿ ಕೂತವು.

ಇಲ್ಲೊಂದು ಮಿತಿಯೂ ಇದೆ. ಆ ಅಲೆಯ ಯಾವ ಜಾಗದಲ್ಲಿ ಗ್ರಹಣ ಬರುತ್ತದೆ ಅಂತ ನನ್ನ ಅಕ್ಟೋಬರಿನಿಂದ 2005ಕ್ಕೆ ಹಿಂದಕ್ಕೆ ಎಣಿಸಲು ಹೋದೆ. ಆಗಲಿಲ್ಲ. ನಡುವೆ ಮೂರು ಸಾವಿರಕ್ಕೂ ಜಾಸ್ತಿ ಸುತ್ತು ಇದೆ, ಸುತ್ತಿಗೆ ಅರ್ಧ ನಿಮಿಷದ ತಪ್ಪು ಸೇರಿ ಸೇರಿ ಒಂದು ದಿನವೇ ಆಗಿಬಿಡುತ್ತದೆ. ಹಾಗಾಗಿ ಅಲೆಯ ಜಾಗವನ್ನು ಅವರ ಅಳತೆಗಳಿಂದಲೇ ಹುಡುಕಿಸಿದೆ. ಗ್ರಹಣದ ಹೊತ್ತಿನಲ್ಲಿ ತೆಗೆದ ವೇಗಗಳನ್ನೂ ಬಿಟ್ಟೆ. ನಕ್ಷತ್ರ ತನ್ನ ಸುತ್ತ ತಾನು ತಿರುಗುತ್ತಿರುತ್ತದೆ, ಗ್ರಹ ಮೊದಲು ನಮ್ಮ ಕಡೆ ಬರುವ ಅಂಚನ್ನು, ಆಮೇಲೆ ಆಚೆ ಹೋಗುವ ಅಂಚನ್ನು ಮುಚ್ಚುವುದರಿಂದ ಆ ಚುಕ್ಕೆಗಳು ಅಲೆಯಿಂದ ಪಕ್ಕಕ್ಕೆ ಸರಿದಿರುತ್ತವೆ.

ಅಲೆಯ ಎತ್ತರ ಸೆಕೆಂಡಿಗೆ 203 ಮೀಟರ್ ಬಂತು. ಇನ್ನು ಉಳಿದಿದ್ದು ಹೈಸ್ಕೂಲ್ ಲೆಕ್ಕ. ನಕ್ಷತ್ರದ ತೂಕ ಸೂರ್ಯನ 0.82 ಪಟ್ಟು ಅಂತ ಇಟ್ಟುಕೊಂಡರೆ, ಸುತ್ತಿನ ಕಾಲಕ್ಕೂ ದೂರಕ್ಕೂ ಇರುವ ನಂಟು ಹೇಳುವ ಕೆಪ್ಲರನ ಮೂರನೇ ನಿಯಮದಿಂದ ಗ್ರಹದ ದೂರ ಸುಮಾರು 46.5 ಲಕ್ಷ ಕಿ.ಮೀ. ಬುಧ ಸೂರ್ಯನಿಂದ ಇರುವ ದೂರದ ಹನ್ನೆರಡನೇ ಒಂದು ಭಾಗ! ಅಷ್ಟು ತ್ರಿಜ್ಯದ ವೃತ್ತವನ್ನು 2.2189 ದಿನದಲ್ಲಿ ಮುಗಿಸಬೇಕಾದರೆ ಸೆಕೆಂಡಿಗೆ 152 ಕಿ.ಮೀ. ಓಡಬೇಕು. ನಕ್ಷತ್ರ ಓಡುವುದು 0.203 ಕಿ.ಮೀ. ಭಾರದವನು ನಿಧಾನ, ಹಗುರದವನು ಜೋರು, ಎರಡರ ತೂಕ ಮತ್ತು ವೇಗದ ಗುಣಲಬ್ಧ ಒಂದೇ. 152ನ್ನು 0.203ರಿಂದ ಭಾಗಿಸಿದರೆ ಸುಮಾರು 750. ಅಂದರೆ ಗ್ರಹ ತನ್ನ ನಕ್ಷತ್ರದ 750ನೇ ಒಂದು ಭಾಗ ತೂಗುತ್ತದೆ. ಗುರುವಿನ 1.14 ಪಟ್ಟು, ನಮ್ಮ ಭೂಮಿಯಂಥವು 360ಕ್ಕೂ ಜಾಸ್ತಿ. ಪ್ರಕಟವಾದ ಅಳತೆಗಳೂ ಇದರ ಆಸುಪಾಸಿನಲ್ಲೇ ಇವೆ.

ತೂಕವನ್ನು ಗಾತ್ರದಿಂದ ಭಾಗಿಸಿದೆ, ಸಾಂದ್ರತೆ ಘನ ಸೆಂಟಿಮೀಟರಿಗೆ 0.8 ಗ್ರಾಂ. ಗುರುವಿನದು 1.33, ನೀರಿನದು 1. ನನ್ನ ಆಳದ ಅಳತೆಯಲ್ಲಿರುವ ತಪ್ಪು ಇಲ್ಲಿ ದೊಡ್ಡದಾಗಿ ಸೇರಿಕೊಳ್ಳುತ್ತದೆ, ಹಾಗಾಗಿ 0.65 ಆದರೂ ಇರಬಹುದು, 0.95 ಆದರೂ ಇರಬಹುದು. ಆದರೂ ಗುರುವಿಗಿಂತ ಭಾರದ ಗ್ರಹ, ಅದಕ್ಕಿಂತ ಹಗುರಾಗಿ ಉಬ್ಬಿಕೊಂಡಿದೆ ಅನ್ನುವುದು ಖಚಿತ. ನಕ್ಷತ್ರದ ಅಷ್ಟು ಹತ್ತಿರ ಕಾಯುತ್ತಾ ಕೂತಿದ್ದರೆ ಇನ್ನೇನಾಗುತ್ತದೆ.

ಅಲ್ಲಾಟ ಅಳೆಯುವ ಕೆಲಸ ನಮ್ಮ ದೇಶದಲ್ಲೂ ನಡೆಯುತ್ತಿದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಮೌಂಟ್ ಅಬುವಿನ ಗುರುಶಿಖರದಲ್ಲಿ 1.2 ಮೀಟರ್ ದೂರದರ್ಶಕಕ್ಕೆ ಪಾರಸ್ ಅನ್ನುವ ರೋಹಿತಮಾಪಕ ಜೋಡಿಸಿದ್ದಾರೆ. ಅಹಮದಾಬಾದಿನ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯವರು 2018ರಲ್ಲಿ ಅದರಿಂದ ಭೂಮಿಯ 27 ಪಟ್ಟು ತೂಕದ ಒಂದು ಗ್ರಹವನ್ನು ತೂಗಿದರು. ಭಾರತಕ್ಕೆ ಹೆಸರಿಡಲು ಸಿಕ್ಕ ಗ್ರಹವೂ ಒಂದಿದೆ. ಎಚ್‌ಡಿ 86081 ನಕ್ಷತ್ರಕ್ಕೆ 2019ರಲ್ಲಿ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ಬಿಭಾ ಅಂತಲೂ, ಅದರ ಗ್ರಹಕ್ಕೆ ಸಂತಮಸ ಅಂತಲೂ ಹೆಸರಿಟ್ಟರು. ಅದೂ ಎರಡು ದಿನ ಚಿಲ್ಲರೆಗೆ ಸುತ್ತುವ ಗ್ರಹವೇ.

ಮುಂದಿನದು ಎಚ್‌ಡಿ 209458, ಶಾರ್ಬೊನೊ ಅವರ ನಕ್ಷತ್ರ. ಕುಸಿತ 1.6% ಅಷ್ಟೇ, ಆದರೆ ಗ್ರಹಣ ಮೂರು ಗಂಟೆ. ಹಿಂದೆ ಮುಂದೆ ಸೇರಿ ನಾಲ್ಕೂವರೆ ಗಂಟೆ ಬೇಕು, ಅಂದರೆ 68 ಡಿಗ್ರಿ, ಅಂದರೆ 27 ಸೆಂ.ಮೀ. ರಾಡ್. ನನ್ನದು ಎರಡು ಸೆಂಟಿಮೀಟರ್ ಸಾಲುವುದಿಲ್ಲ. ನಟ್ಟಿನ ಥ್ರೆಡ್ಡೂ ಸ್ವಲ್ಪ ಸವೆದಿದೆ, ಈ ಸಲ ಹಿತ್ತಾಳೆಯದು ಹಾಕಬೇಕು. ಹೊಸ ರಾಡ್ ತಂದಿಟ್ಟಿದ್ದೇನೆ, ಭಾನುವಾರ ಗ್ರಿಲ್ ವರ್ಕ್‌ಶಾಪಿಗೆ ಹೋಗುವುದು.